ಎರಡು ಬಾರಿ ಮೂಕವಾದ ವಾಲ್ವ್ ಆಂಪ್ಲಿಫೈಯರ್: ಮಲ್ಪೆಯ ಮಳೆಗಾಲದ ಒಂದು ಪ್ರಕರಣ

2024ರ ಜೂನ್ ಎರಡನೆಯ ವಾರದ ಒಂದು ರಾತ್ರಿ, ಹೊರಗೆ ಮಳೆ ಬಿಡುವು ಕೊಡದೆ ಹೊಯ್ಯುತ್ತಿದ್ದಾಗ, ನಾನೇ ಕಟ್ಟಿದ ವಾಲ್ವ್ (ಬಿಸಿಯಾಗಿ ಕೆಲಸ ಮಾಡುವ ಗಾಜಿನ ನಿರ್ವಾತ ನಳಿಕೆ) ಹೆಡ್‌ಫೋನ್ ಆಂಪ್ಲಿಫೈಯರಿನಲ್ಲಿ ಬಡಗುತಿಟ್ಟು ಯಕ್ಷಗಾನದ ಹಳೆಯ ಧ್ವನಿಮುದ್ರಣವೊಂದನ್ನು ಕೇಳುತ್ತಿದ್ದೆ. ಭಾಗವತರು ಪದ್ಯದ ಎರಡನೆಯ ಚರಣ ಎತ್ತಿಕೊಳ್ಳುವಷ್ಟರಲ್ಲಿ ಎರಡೂ ಕಿವಿಗಳಲ್ಲಿ ಧ್ವನಿ ಇಳಿಯತೊಡಗಿತು. ಅದು ಒಮ್ಮೆಗೇ ಕಡಿದು ಹೋದದ್ದಲ್ಲ. ಹತ್ತು ಹನ್ನೆರಡು ಸೆಕೆಂಡುಗಳ ಕಾಲ ಮಂದವಾಗುತ್ತ, ಕೊನೆಕೊನೆಗೆ ಒಡೆದು ಕರಕರ ಎನ್ನುತ್ತ ಪೂರ್ತಿ ನಿಂತಿತು. ಸಿಡಿದ ಸದ್ದಿರಲಿಲ್ಲ, ಸುಟ್ಟ ವಾಸನೆಯೂ ಇರಲಿಲ್ಲ. ಆ ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ರೋಗದ ಅರ್ಧ ವಿವರ ಅಡಗಿತ್ತು ಎಂಬುದು ನನಗೆ ತಿಳಿದದ್ದು ಏಳು ವಾರಗಳ ಬಳಿಕ, ಅದೇ ಯಂತ್ರ ಎರಡನೆಯ ಬಾರಿ ಮೂಕವಾದಾಗ.

ಈ ಎರಡು ಘಟನೆಗಳ ನಡುವೆ ನಾನು ಮಾಡಿದ ತಪ್ಪು ರಿಪೇರಿಯನ್ನೂ ಸೇರಿಸಿಯೇ ಪ್ರಕರಣವನ್ನು ಇಲ್ಲಿ ಬರೆದಿದ್ದೇನೆ, ಏಕೆಂದರೆ ತಪ್ಪು ರಿಪೇರಿಯಿಂದಲೇ ಯಂತ್ರ ಏಳು ವಾರ ಚೆನ್ನಾಗಿ ಹಾಡಿತು.

ಯಂತ್ರದ ಸ್ವರೂಪ

ಇದನ್ನು ಕಟ್ಟಿದ್ದು 2017ರಲ್ಲಿ, ಮಂಗಳೂರಿನ ಕದ್ರಿಯ ಬಾಡಿಗೆ ಮನೆಯಲ್ಲಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಸರಳ ವಿನ್ಯಾಸ. ಮೊದಲ ಹಂತದಲ್ಲಿ ಒಂದು ಇಸಿಸಿ82 ವಾಲ್ವು, ಅಂದರೆ ಅಮೆರಿಕದ ಹೆಸರಿನಲ್ಲಿ 12ಎಯು7. ಅದರೊಳಗಿನ ಎರಡು ಟ್ರಯೋಡುಗಳಲ್ಲಿ, ಅಂದರೆ ಕ್ಯಾಥೋಡ್, ಗ್ರಿಡ್, ಪ್ಲೇಟ್ ಎಂಬ ಮೂರು ತುದಿಗಳ ಘಟಕಗಳಲ್ಲಿ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಕೊನೆಯ ಹಂತದಲ್ಲಿ ಒಂದು 6080. ಇದೂ ಜೋಡಿ ಟ್ರಯೋಡೇ, ಆದರೆ ಇದರ ಹುಟ್ಟು ಸಂಗೀತಕ್ಕಾಗಿ ಆದದ್ದಲ್ಲ. ಪವರ್ ಸಪ್ಲೈಗಳಲ್ಲಿ ವೋಲ್ಟೇಜನ್ನು ಸ್ಥಿರವಾಗಿಡಲು ತಯಾರಾದ 6ಎಎಸ್7ಜಿ ಎಂಬ ವಾಲ್ವಿನ ಗಟ್ಟಿಮುಟ್ಟಾದ ರೂಪ ಇದು. ಆಂತರಿಕ ರೋಧ ಕೇವಲ 280 ಓಮ್ ಆಗಿರುವುದರಿಂದ ಕ್ಯಾಥೋಡ್ ಫಾಲೋವರ್ ಆಗಿ (ಧ್ವನಿಯನ್ನು ಕ್ಯಾಥೋಡಿನಿಂದ ಹೊರತೆಗೆಯುವಂತೆ) ಜೋಡಿಸಿದರೆ 300 ಓಮಿನ ಹೆಡ್‌ಫೋನನ್ನು ಟ್ರಾನ್ಸ್‌ಫಾರ್ಮರಿನ ಹಂಗಿಲ್ಲದೆ ನಡೆಸಬಲ್ಲದು. ನನ್ನ ಹೆಡ್‌ಫೋನ್ 300 ಓಮಿನದೇ. ಔಟ್‌ಪುಟ್ಟಿನ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಆ ಹೊರೆಗೆ ಸುಮಾರು 5 ಹರ್ಟ್ಸ್‌ವರೆಗೂ ಸಾಕಾಗುತ್ತದೆ.

6080ಕ್ಕೆ ಈ ಗುಣದ ಜೊತೆಗೆ ಒಂದು ದೊಡ್ಡ ಹಸಿವೂ ಇದೆ. ಕ್ಯಾಥೋಡನ್ನು ಕಾಯಿಸುವ ತಂತಿಯಾದ ಅದರ ಹೀಟರ್ 6.3 ವೋಲ್ಟಿನಲ್ಲಿ 2.5 ಆಂಪಿಯರ್ ಎಳೆಯುತ್ತದೆ. ಪಕ್ಕದ ಇಸಿಸಿ82 ಅದೇ ವೋಲ್ಟೇಜಿನಲ್ಲಿ ಎಳೆಯುವುದು 0.3 ಆಂಪಿಯರ್ ಮಾತ್ರ. ಎಂಟು ಕಾಲುಗಳ ಬುಡದಲ್ಲಿ 7 ಮತ್ತು 8ನೆಯ ಕಾಲುಗಳು ಹೀಟರಿನವು. ಒಂದೇ ಗಾಜಿನೊಳಗಿನ ಎರಡೂ ಟ್ರಯೋಡುಗಳು ಈ ಎರಡು ಕಾಲುಗಳನ್ನೇ ನಂಬಿವೆ, ಆದ್ದರಿಂದ ಹೀಟರ್ ಆರಿದರೆ ಎಡವೂ ಬಲವೂ ಒಟ್ಟಿಗೇ ಸಾಯುತ್ತವೆ.

ಎಚ್‌ಟಿ ಭಾಗದಲ್ಲಿ, ಅಂದರೆ ವಾಲ್ವುಗಳಿಗೆ ಹೆಚ್ಚಿನ ಡಿಸಿ ವೋಲ್ಟೇಜ್ ಒದಗಿಸುವ ಭಾಗದಲ್ಲಿ, ಹೇಳುವಂಥದು ಹೆಚ್ಚಿಲ್ಲ. ಪವರ್ ಟ್ರಾನ್ಸ್‌ಫಾರ್ಮರಿನ 150 ವೋಲ್ಟಿನ ಸುತ್ತು, ನಾಲ್ಕು ಡಯೋಡುಗಳ ಬ್ರಿಡ್ಜ್, 220 ಮೈಕ್ರೋಫ್ಯಾರಡಿನ ಮೂರು ಕೆಪಾಸಿಟರುಗಳು, ಅವುಗಳ ನಡುವೆ 270 ಓಮಿನ ಎರಡು ವಯರ್‌ವೌಂಡ್ ರೆಸಿಸ್ಟರುಗಳು. ಇಸಿಸಿ82ರ ಕ್ಯಾಥೋಡುಗಳಿಗೆ ರೆಸಿಸ್ಟರಿನ ಬದಲು ಒಂದೊಂದು ಕೆಂಪು ಎಲ್‌ಇಡಿ ಹಾಕಿದ್ದೆ. ಅದು ಬಯಾಸ್ ವೋಲ್ಟೇಜನ್ನೂ (ವಾಲ್ವಿನ ಕರೆಂಟನ್ನು ನಿಗದಿಮಾಡುವ ವೋಲ್ಟೇಜ್) ಕೊಡುತ್ತದೆ, ವಾಲ್ವಿನಲ್ಲಿ ಕರೆಂಟು ಹರಿಯುತ್ತಿದೆಯೇ ಎಂಬುದನ್ನು ಬೆಳಗಿ ತೋರಿಸುತ್ತದೆ ಕೂಡ.

ಕಟ್ಟಿ ಮುಗಿಸಿದ ದಿನ ಮಾಡಿದ ಒಂದೇ ಜಾಣತನವೆಂದರೆ, ಎಲ್ಲ ಮುಖ್ಯ ಬಿಂದುಗಳ ವೋಲ್ಟೇಜನ್ನು ಅಳೆದು, ಕಾಗದದಲ್ಲಿ ಬರೆದು, ತಳದ ತಗಡಿನ ಒಳಮೈಗೆ ಅಂಟಿಸಿದ್ದು. ಮೊದಲ ಕೆಪಾಸಿಟರಿನಲ್ಲಿ 205, ಕೊನೆಯದರಲ್ಲಿ 165, ಇಸಿಸಿ82ರ ಪ್ಲೇಟುಗಳಲ್ಲಿ 81 ಮತ್ತು 83, 6080ರ ಕ್ಯಾಥೋಡುಗಳಲ್ಲಿ 101 ಮತ್ತು 104, ಹೀಟರಿನಲ್ಲಿ 6.4 ವೋಲ್ಟ್. ಈ ಕಾಗದ ಇಲ್ಲದಿದ್ದರೆ ಮುಂದಿನ ತನಿಖೆ ಇಷ್ಟು ನೆಟ್ಟಗೆ ನಡೆಯುತ್ತಿರಲಿಲ್ಲ.

ಮೊದಲ ಮೌನ ಮತ್ತು ಅವಸರದ ತೀರ್ಮಾನ

2023ರಲ್ಲಿ ನಾವು ಉಡುಪಿಗೆ ಬಂದು ಮಲ್ಪೆಯ ಕಡೆ ಮನೆ ಮಾಡಿದೆವು. ಸಮುದ್ರ ಕಾಣುವುದಿಲ್ಲ, ಆದರೆ ರಾತ್ರಿ ಅಲೆಗಳ ಸದ್ದು ಕೇಳುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ, ಅದರಲ್ಲೂ ಕಡಲಿನ ಅಂಚಿನಲ್ಲಿ, ಬೀಗದಿಂದ ಹಿಡಿದು ಫ್ಯಾನಿನ ರೆಗ್ಯುಲೇಟರಿನವರೆಗೆ ಲೋಹದ ವಸ್ತು ಯಾವುದೂ ಬಹುಕಾಲ ಹೊಳೆಯುವುದಿಲ್ಲ. ಕದ್ರಿಯಲ್ಲಿ ಆರು ವರ್ಷ ಏನೂ ತೊಂದರೆ ಕೊಡದ ಯಂತ್ರ ಇಲ್ಲಿ ಬಂದು ಒಂದು ವರ್ಷವೂ ಆಗುವ ಮೊದಲೇ ಕೆಟ್ಟದ್ದನ್ನು ನೋಡಿದಾಗ, ಹವೆಯ ಮೇಲೆ ಅನುಮಾನ ಬಂದದ್ದು ಸಹಜ. ಆದರೆ ಅದು ಬಂದದ್ದು ಕೂಡ ಎರಡನೆಯ ಬಾರಿಗೆ. ಮೊದಲ ಬಾರಿ ನಾನು ಅಷ್ಟು ದೂರ ಯೋಚಿಸಲೇ ಇಲ್ಲ.

ಆ ರಾತ್ರಿ ಕೋಣೆಯ ದೀಪ ಆರಿಸಿ ನೋಡಿದೆ. ಚಿಕ್ಕ ವಾಲ್ವು ಕೆಂಪಗೆ ಉರಿಯುತ್ತಿತ್ತು, ದೊಡ್ಡದು ಕಪ್ಪಗಿತ್ತು. 6080 ಸರಿಯಾಗಿ ಕೆಲಸ ಮಾಡುವಾಗ ಅದರ ಗಾಜನ್ನು ಬೆರಳಲ್ಲಿ ಮುಟ್ಟಲಾಗದು. ಈಗ ಅದು ಉಗುರುಬೆಚ್ಚಗಿತ್ತು. ಹೀಟರ್ ಕಡಿದುಹೋಗಿದೆ ಎಂದು ಆ ಕ್ಷಣವೇ ತೀರ್ಮಾನಿಸಿದೆ. ವಾಲ್ವುಗಳ ವಿಷಯದಲ್ಲಿ ನಮ್ಮೆಲ್ಲರ ಮನಸ್ಸು ಹೀಗೆಯೇ ಓಡುತ್ತದೆ. ಬಲ್ಬಿನ ಹಾಗೆ ಉರಿಯುವ ವಸ್ತು, ಬಲ್ಬಿನ ಹಾಗೆ ಆರಿತು, ಬಲ್ಬಿನ ಹಾಗೆ ಬದಲಿಸಿದರಾಯಿತು. ಕೈಯಳತೆಯಲ್ಲೇ ಮಲ್ಟಿಮೀಟರ್ ಇದ್ದರೂ ಹೀಟರಿನ ರೋಧವನ್ನು ಅಳೆದು ನೋಡಲಿಲ್ಲ.

6080 ಈಗ ಅಂಗಡಿಯಲ್ಲಿ ಕೇಳಿ ತರುವ ವಸ್ತುವಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1960ರ ದಶಕದಲ್ಲಿ ತಯಾರಿಸುತ್ತಿದ್ದ ರೇಡಿಯೊ ವಾಲ್ವುಗಳು ಹಳೆಯ ರಿಪೇರಿ ಅಂಗಡಿಗಳ ಡಬ್ಬಿಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಈ ಜಾತಿಯದು ನನಗಂತೂ ಸಿಕ್ಕಿಲ್ಲ. ಕೊನೆಗೆ ಇದಕ್ಕೆ ಸಮಾನವಾದ ರಷ್ಯದ 6ಎನ್13ಎಸ್ ಒಂದನ್ನು ಮುಂಬಯಿಯ ಪರಿಚಿತರ ಮೂಲಕ ತರಿಸಿಕೊಂಡೆ. ಕಾಲುಗಳ ಕ್ರಮವೂ ಹೀಟರಿನ ಹಸಿವೂ ಅದೇ. ಗಾಜು ಮಾತ್ರ ದೊಡ್ಡದು. ಸಾಕೆಟ್ಟಿನಲ್ಲಿ ಒತ್ತಿ ಕೂರಿಸಿ ಸ್ವಿಚ್ ಹಾಕಿದೊಡನೆ ಉರಿಯಿತು, ಅರ್ಧ ನಿಮಿಷದಲ್ಲಿ ಹಾಡು ಬಂತು. ಹಳೆಯ ವಾಲ್ವನ್ನು ಎಸೆಯಲು ಮನಸ್ಸಾಗದೆ ಅದರ ರಟ್ಟಿನ ಪೆಟ್ಟಿಗೆಯಲ್ಲಿಯೇ ಇಟ್ಟೆ. ಜಿಪುಣತನ ಒಮ್ಮೊಮ್ಮೆ ಸಾಕ್ಷ್ಯವನ್ನು ಉಳಿಸುತ್ತದೆ.

ಎರಡನೆಯ ಮೌನ

ಜುಲೈ ಕೊನೆಯ ವಾರದಲ್ಲಿ ಯಂತ್ರ ಮತ್ತೆ ನಿಂತಿತು. ಈ ಬಾರಿ ಅದಕ್ಕಿಂತ ಹತ್ತು ದಿನ ಮೊದಲಿನಿಂದಲೇ ಧ್ವನಿ ತೆಳುವಾಗುತ್ತ ಬಂದಿತ್ತು. ಮೆಲ್ಲನೆಯ ಆಲಾಪನೆಯಲ್ಲಿ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮದ್ದಳೆಯ ಜೋರು ಪೆಟ್ಟು ಬಿದ್ದಾಗ ಮಾತ್ರ ಅದರ ತೂಕ ಹೋಗಿ, ಪೊಳ್ಳು ಮರವನ್ನು ಬಡಿದಂತೆ ಕೇಳುತ್ತಿತ್ತು. ಧ್ವನಿಮುದ್ರಣದ ದೋಷವೆಂದು ಸುಮ್ಮನಿದ್ದೆ. ನಿಂತದ್ದು ಮಾತ್ರ ಮೊದಲಿನಂತೆಯೇ: ಎರಡೂ ಕಿವಿ, ಹತ್ತಾರು ಸೆಕೆಂಡು, ಬಳಿಕ ಮೌನ. ಏಳು ವಾರದ ಹೊಸ ವಾಲ್ವು ಕಪ್ಪಗೆ ಕೂತಿತ್ತು.

ಒಂದೇ ಜಾಗದಲ್ಲಿ ಎರಡು ವಾಲ್ವುಗಳ ಹೀಟರ್ ಎರಡು ತಿಂಗಳೊಳಗೆ ಕಡಿಯುವುದು ನಂಬುವ ಮಾತಲ್ಲ. ಮರುದಿನ ಯಂತ್ರದ ಪೆಟ್ಟಿಗೆಯನ್ನು ಮಗುಚಿ ಹಾಕಿ ಅಳೆಯಲು ಕುಳಿತೆ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತಂಗಿಯ ಮಗ ಜೊತೆಗಿದ್ದ. ಅವನು ಓದುವ ಪಾಠಗಳಲ್ಲಿ ವಾಲ್ವು ಇಲ್ಲವಾದ್ದರಿಂದ, ಪ್ರತಿ ಅಳತೆಗೂ ಕಾರಣ ಕೇಳುತ್ತಿದ್ದ. ಅವನಿಗೆ ಹೇಳುವ ನೆಪದಲ್ಲಿ ನನಗೂ ಕಾರಣಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕಾಯಿತು.

ಫ್ಯೂಸ್ ಸರಿಯಿತ್ತು. ಎರಡೂ ಎಲ್‌ಇಡಿಗಳು ಉರಿಯುತ್ತಿದ್ದವು, ಅಂದರೆ ಮೊದಲ ಹಂತಕ್ಕೆ ಎಚ್‌ಟಿ ತಲುಪುತ್ತಿತ್ತು. ಮೊದಲ ಕೆಪಾಸಿಟರಿನಲ್ಲಿ 226 ವೋಲ್ಟ್, ಕೊನೆಯದರಲ್ಲಿ 220. ಕಾಗದದ ಪ್ರಕಾರ ಅಲ್ಲಿ 205 ಮತ್ತು 165 ಇರಬೇಕು. ವೋಲ್ಟೇಜ್ ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ಹುಡುಗ ಕೇಳಿದ. ಅಲ್ಲ, ಪಂಕ್ತಿಯಲ್ಲಿ ಉಣ್ಣುವವರು ಎದ್ದು ಹೋದ ಮೇಲೆ ಅನ್ನ ಮಿಕ್ಕಂತೆ ಇದು. ಮೊದಲು ಎರಡು ರೆಸಿಸ್ಟರುಗಳಲ್ಲಿ ಒಟ್ಟು 40 ವೋಲ್ಟ್ ಕಳೆಯುತ್ತಿತ್ತು, ಅಂದರೆ 540 ಓಮಿನ ಮೂಲಕ ಸುಮಾರು 75 ಮಿಲಿಆಂಪ್ ಹರಿಯುತ್ತಿತ್ತು. ಈಗ ಕಳೆಯುತ್ತಿರುವುದು 6 ವೋಲ್ಟ್, ಹರಿಯುತ್ತಿರುವುದು 11 ಮಿಲಿಆಂಪ್. ಅಷ್ಟು ಇಸಿಸಿ82 ಒಂದರದೇ ಪಾಲು. 6080ರ ಎರಡೂ ಕ್ಯಾಥೋಡುಗಳಲ್ಲಿ ಸೊನ್ನೆ ವೋಲ್ಟ್ ಇದ್ದದ್ದು ಇದನ್ನೇ ದೃಢಪಡಿಸಿತು. ಹೆಡ್‌ಫೋನ್, ಔಟ್‌ಪುಟ್ ಕೆಪಾಸಿಟರ್, ವಾಲ್ಯೂಮ್ ಕಂಟ್ರೋಲು, ಮೊದಲ ಹಂತ, ಇವೆಲ್ಲ ಈ ಕೆಲವೇ ಅಂಕಿಗಳಿಂದ ಅನುಮಾನದ ಪಟ್ಟಿಯಿಂದ ಬಿದ್ದುಹೋದವು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ನಡುವೆ ಹೇಳಿಬಿಡಬೇಕು. ಯಂತ್ರ ಸರಿಯಿರುವಾಗ ಸ್ವಿಚ್ ಆರಿಸಿದ ಮೇಲೂ ಬಿಸಿ ವಾಲ್ವುಗಳು ಕೆಪಾಸಿಟರುಗಳನ್ನು ಬೇಗ ಬರಿದು ಮಾಡುತ್ತವೆ. 6080 ತಣ್ಣಗಿರುವಾಗ ಹಾಗಾಗುವುದಿಲ್ಲ. ಸ್ವಿಚ್ ಆರಿಸಿ ಐದು ನಿಮಿಷದ ನಂತರ ಅಳೆದಾಗ ಕೆಪಾಸಿಟರುಗಳಲ್ಲಿ ಇನ್ನೂ 88 ವೋಲ್ಟ್ ಉಳಿದಿತ್ತು. ತುಂಬಿರುವಾಗ ಒಂದೊಂದು ಕೆಪಾಸಿಟರಿನಲ್ಲೂ 5 ಜೂಲಿನಷ್ಟು ಶಕ್ತಿ ಕೂಡಿರುತ್ತದೆ. ಕೈಯಿಂದ ಎದೆಯ ಮೂಲಕ ಹರಿಯಲು ಅದು ಸಲ್ಲದ ಪ್ರಮಾಣ. ಅಂದರೆ ಈ ಜಾತಿಯ ಯಂತ್ರ ಕೆಟ್ಟಿರುವಾಗಲೇ ಹೆಚ್ಚು ಅಪಾಯಕಾರಿ. ಕೆಪಾಸಿಟರುಗಳನ್ನು ತಾನಾಗಿ ಬರಿದು ಮಾಡುವ ಬ್ಲೀಡರ್ ರೆಸಿಸ್ಟರ್ ಹಾಕದೆ ಏಳು ವರ್ಷ ನಡೆಸಿದ್ದು ನನ್ನ ಉದಾಸೀನ. ತನಿಖೆ ಮುಗಿಯುವವರೆಗೆ, ಎರಡು ತುದಿಗೆ ಕ್ಲಿಪ್ ಇರುವ 2.2 ಕಿಲೋ ಓಮಿನ ದಪ್ಪ ರೆಸಿಸ್ಟರಿನಿಂದ ಪ್ರತಿ ಸಲವೂ ಕೆಪಾಸಿಟರುಗಳನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆಯೇ ಕೈ ಹಾಕಿದೆವು.

ಉಳಿದದ್ದು ಹೀಟರಿನ ದಾರಿ. ಸಾಕೆಟ್ಟಿನ ಕೆಳಗೆ 7 ಮತ್ತು 8ನೆಯ ಲಗ್ಗುಗಳ (ವಯರು ಬೆಸೆಯುವ ತುದಿಗಳ) ನಡುವೆ 6.9 ವೋಲ್ಟ್ ಇತ್ತು. ಇಲ್ಲೂ ಹೆಚ್ಚು, ಕಾರಣವೂ ಅದೇ, ಉಣ್ಣುವವರಿಲ್ಲ. ವಾಲ್ವನ್ನು ಕಿತ್ತು ಅದರ 7 ಮತ್ತು 8ನೆಯ ಕಾಲುಗಳ ನಡುವೆ ರೋಧ ಅಳೆದಾಗ, ಮೀಟರಿನ ವಯರುಗಳ ಪಾಲನ್ನು ಕಳೆದು 0.4 ಓಮ್ ಬಂತು. ಬಿಸಿಯಾಗಿ ಉರಿಯುವಾಗ ಈ ಹೀಟರಿನ ರೋಧ 6.3ನ್ನು 2.5ರಿಂದ ಭಾಗಿಸಿದಷ್ಟು, ಅಂದರೆ 2.5 ಓಮ್, ತಣ್ಣಗಿರುವಾಗ ಅದರ ಆರನೆಯ ಒಂದು ಪಾಲಿಗೂ ಕಡಿಮೆ ಇರುವುದು ಟಂಗ್‌ಸ್ಟನ್ನಿನ ಸ್ವಭಾವ. ಅಲ್ಲಿಗೆ ಹೀಟರ್ ಅಖಂಡವಾಗಿತ್ತು. ಅನುಮಾನ ಬಂದು ಜೂನ್‌ನಲ್ಲಿ ಪೆಟ್ಟಿಗೆ ಸೇರಿದ್ದ ಹಳೆಯ 6080ವನ್ನೂ ತಂದು ಅಳೆದೆ. ಅದೂ 0.4 ಓಮ್. ಏನೂ ಆಗದ ವಾಲ್ವನ್ನು ಸತ್ತಿತೆಂದು ಬದಿಗಿಟ್ಟಿದ್ದೆ.

ಆಗ ಹುಡುಗ ಹೊಸ ವಾಲ್ವನ್ನು ಮತ್ತೆ ಸಾಕೆಟ್ಟಿಗೆ ಒತ್ತಿ ಸ್ವಿಚ್ ಹಾಕಿದ. ವಾಲ್ವು ಉರಿಯಿತು! ಕಿತ್ತು ಹಾಕಿದ್ದಲ್ಲದೆ ಬೇರೇನನ್ನೂ ನಾವು ಮಾಡಿರಲಿಲ್ಲ. ಜೂನ್‌ನಲ್ಲಿ ನಡೆದದ್ದೂ ಇದೇ. ಹೊಸ ವಾಲ್ವು ಯಂತ್ರವನ್ನು ಸರಿಪಡಿಸಿದ್ದು ಹೊಸದಾದ್ದರಿಂದಲ್ಲ. ಒಳಗೆ ಹೋಗುವಾಗ ಅದರ ಕಾಲುಗಳು ಸಾಕೆಟ್ಟಿನ ಕಾಂಟ್ಯಾಕ್ಟುಗಳನ್ನು ಕೆರೆದು, ಏಳು ವಾರಕ್ಕೆ ಸಾಲುವಷ್ಟು ಶುದ್ಧ ಲೋಹವನ್ನು ಹೊರಗೆಡವಿದ್ದರಿಂದ. ಹಳೆಯ ವಾಲ್ವನ್ನೇ ಕಿತ್ತು ಹಾಕಿದ್ದರೂ ಇದೇ ಗುಣ ಕಾಣುತ್ತಿತ್ತು. ಭಾಗ ಬದಲಿಸಿದ ಮೇಲೆ ಯಂತ್ರ ನಡೆದರೆ ತೆಗೆದ ಭಾಗವೇ ಅಪರಾಧಿ ಎಂದು ರಿಪೇರಿಯವರು ಬರೆದಿಡುತ್ತಾರೆ. ತೆಗೆದ ಭಾಗವನ್ನು ಅದೇ ಜಾಗಕ್ಕೆ ತಿರುಗಿ ಹಾಕಿ, ಯಂತ್ರ ಮತ್ತೆ ಕೆಡುತ್ತದೆಯೇ ಎಂದು ನೋಡುವವರು ಕಡಿಮೆ. ನಾನೂ ನೋಡಲಿಲ್ಲ.

ಕಾಂಟ್ಯಾಕ್ಟನ್ನು ಅಳೆದ ಬಗೆ

ಸಾಕೆಟ್ಟಿನ ಮೇಲೆ ಅನುಮಾನ ಬಂದರೂ ಅದನ್ನು ಸಾಬೀತು ಮಾಡುವುದು ಓಮ್ ಮೀಟರಿನಿಂದ ಆಗುವ ಕೆಲಸವಲ್ಲ. ಮೀಟರ್ ರೋಧ ಅಳೆಯಲು ಹರಿಸುವುದು ಬಹಳ ಸಣ್ಣ ಕರೆಂಟು. ಜೊತೆಗೆ ಅದರ ವಯರುಗಳದೇ 0.2 ಓಮ್ ಇರುತ್ತದೆ. ಲಗ್ಗಿನಿಂದ ಕಾಲಿಗೆ ಅಳೆದಾಗ ಅಂಕಿ 0.3, 0.5, 0.4 ಎಂದು ಕುಣಿಯಿತೇ ಹೊರತು ಏನನ್ನೂ ಹೇಳಲಿಲ್ಲ. ಎರಡೂವರೆ ಆಂಪಿಯರ್ ಹೊರಬೇಕಾದ ಸಂಪರ್ಕವನ್ನು ಅದು ಹೊರೆ ಹೊತ್ತಿರುವಾಗಲೇ ಪರೀಕ್ಷಿಸಬೇಕು.

ಅದಕ್ಕಾಗಿ 150 ವೋಲ್ಟಿನ ಸುತ್ತಿನ ಎರಡೂ ತುದಿಗಳನ್ನು ಬ್ರಿಡ್ಜಿನಿಂದ ಬಿಡಿಸಿ, ತುದಿಗಳಿಗೆ ಟೇಪು ಸುತ್ತಿ, ಹೀಟರನ್ನು ಮಾತ್ರ ಉಳಿಸಿಕೊಂಡೆವು. ಪೆಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ವಾಲ್ವನ್ನು ಸಾಕೆಟ್ಟಿನಿಂದ ಎರಡು ಮಿಲಿಮೀಟರಿನಷ್ಟು ಹೊರಗೆ ಎಳೆದಾಗ, ಬೇಕಲೈಟ್ ಬುಡಕ್ಕೂ ಸಾಕೆಟ್ಟಿಗೂ ನಡುವೆ ಕಾಲುಗಳ ಬುಡ ಬೆಳ್ಳಗೆ ಕಾಣುವ ಒಂದು ಸಂದು ಬಿಟ್ಟುಕೊಂಡಿತು. ಹುಡುಗ ಟಾರ್ಚ್ ಹಿಡಿದ. ಮೀಟರಿನ ಒಂದು ಮೊನೆಯನ್ನು ಆ ಸಂದಿನಲ್ಲಿ 7ನೆಯ ಕಾಲಿಗೆ, ಇನ್ನೊಂದನ್ನು ಕೆಳಗಿನ 7ನೆಯ ಲಗ್ಗಿಗೆ ಮುಟ್ಟಿಸಿದೆ. ಒಂದೇ ಕಾಲಿನ ಮೇಲೂ ಕೆಳಗೂ ಅಳೆಯುತ್ತಿರುವುದರಿಂದ, ಕಾಂಟ್ಯಾಕ್ಟ್ ಚೆನ್ನಾಗಿದ್ದರೆ ಹೆಚ್ಚೆಂದರೆ ಹತ್ತಿಪ್ಪತ್ತು ಮಿಲಿವೋಲ್ಟ್ ಕಾಣಬೇಕು. ಕಂಡದ್ದು 640 ಮಿಲಿವೋಲ್ಟ್. 8ನೆಯ ಕಾಲಿನಲ್ಲಿ 590. ವಾಲ್ವಿಗೆ ಬೆರಳಿನಿಂದ ಸ್ವಲ್ಪ ಓಲಾಟ ಕೊಟ್ಟಾಗ ಅಂಕಿ 200ಕ್ಕೆ ಇಳಿದು, 2 ವೋಲ್ಟಿಗೆ ಏರಿ, ಕೊನೆಗೆ ವಾಲ್ವೇ ಮಂಕಾಗಿ ಆರಿತು.

ಉಳಿದೆಲ್ಲ ಲಕ್ಷಣಗಳು ಈ ಎರಡು ಅಂಕಿಗಳಿಂದ ಅರ್ಥವಾದವು. ಲಗ್ಗುಗಳಲ್ಲಿ 6.5 ವೋಲ್ಟ್ ಇದ್ದರೂ ದಾರಿಯಲ್ಲಿ 1.2 ಕಳೆದು ಹೀಟರಿಗೆ ಸಿಗುತ್ತಿದ್ದದ್ದು 5.3. ಹೀಟರ್ ತಣ್ಣಗಾದಷ್ಟೂ ಕ್ಯಾಥೋಡ್ ಹೊರಸೂಸಬಲ್ಲ ಎಲೆಕ್ಟ್ರಾನುಗಳು ಕಡಿಮೆಯಾಗುತ್ತವೆ. ಸಣ್ಣ ಧ್ವನಿಗೆ ಅವು ಸಾಲುತ್ತವೆ, ದೊಡ್ಡ ಪೆಟ್ಟಿಗೆ ಸಾಲುವುದಿಲ್ಲ. ಮದ್ದಳೆ ಪೊಳ್ಳಾದದ್ದು ಇದರಿಂದ. ಎರಡು ಕಾಂಟ್ಯಾಕ್ಟುಗಳಲ್ಲಿ ಸೋರುತ್ತಿದ್ದ 1.2 ವೋಲ್ಟು 2.2 ಆಂಪಿಯರಿನೊಡನೆ ಸೇರಿ ಎರಡೂವರೆ ವಾಟಿಗಿಂತ ಹೆಚ್ಚು ಬಿಸಿಯನ್ನು ಅಕ್ಕಿಕಾಳಿನಷ್ಟು ಜಾಗಗಳಲ್ಲಿ ಹುಟ್ಟಿಸುತ್ತಿತ್ತು. ಬಿಸಿಗೆ ಸ್ಪ್ರಿಂಗಿನ ಬಿಗಿ ಸಡಿಲವಾಗುತ್ತದೆ, ಸಡಿಲವಾದಷ್ಟೂ ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದಷ್ಟೂ ಬಿಸಿ. ಕೊನೆಗೊಮ್ಮೆ ಸಂಪರ್ಕ ಪೂರ್ತಿ ತಪ್ಪಿದಾಗ ಹೀಟರ್ ನಿಧಾನವಾಗಿ ಆರುವ ಹತ್ತು ಹನ್ನೆರಡು ಸೆಕೆಂಡುಗಳ ಕಾಲ ಹಾಡು ಇಳಿಯುತ್ತ ಹೋಗುತ್ತದೆ. ಎಚ್‌ಟಿ ತಪ್ಪಿದ್ದರೆ ಹಾಗೆ ಇಳಿಯುತ್ತಿರಲಿಲ್ಲ, ಕೆಪಾಸಿಟರುಗಳು ಬರಿದಾದಷ್ಟೇ ಬೇಗ ಮುಗಿಯುತ್ತಿತ್ತು. ಹೆಡ್‌ಫೋನಿನ ವಯರು ಕಡಿದಿದ್ದರೆ ಆ ಕ್ಷಣವೇ ನಿಲ್ಲುತ್ತಿತ್ತು.

ಉಪ್ಪೋ, ಪೇಸ್ಟೋ

ಸಾಕೆಟ್ಟನ್ನು ಬಿಚ್ಚಿ ತೆಗೆದು ಬೆಳಕಿಗೆ ಹಿಡಿದಾಗ 7 ಮತ್ತು 8ನೆಯ ಕಾಂಟ್ಯಾಕ್ಟುಗಳ ಬಾಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಅದರ ಸುತ್ತ ಬೇಕಲೈಟ್ ಕಂದಿತ್ತು. ಮೀನುಗಾರಿಕಾ ದೋಣಿಗಳ ವಯರ್‌ಲೆಸ್ ಮತ್ತು ವಯರಿಂಗ್ ನೋಡಿಕೊಳ್ಳುವ ಪರಿಚಯದವರೊಬ್ಬರು ಮಲ್ಪೆ ಬಂದರಿನಲ್ಲಿದ್ದಾರೆ. ಇಂಥ ಹಸಿರನ್ನು ಅವರಷ್ಟು ನೋಡಿದವರು ಇರಲಾರರು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ದೋಣಿಗಳ ರಿಪೇರಿಯೆಲ್ಲ ಆ ಅವಧಿಯಲ್ಲೇ ನಡೆಯುತ್ತದೆ. ನಾನು ಹೋದದ್ದು ಜುಲೈ 29ರಂದು, ಆಗಸ್ಟ್ 1ಕ್ಕೆ ದೋಣಿ ಇಳಿಸಬೇಕಾದ ಗಡಿಬಿಡಿಯ ನಡುವೆ. ಅವರು ಸಾಕೆಟ್ಟನ್ನು ಒಮ್ಮೆ ತಿರುಗಿಸಿ ನೋಡಿ, “ಇದು ಉಪ್ಪು ಮಾರಾಯ್ರೆ, ಬೇರೆ ಎಂತದೂ ಅಲ್ಲ. ಕಡಲ ಹತ್ತಿರ ಇಟ್ಟ ಮೇಲೆ ಬಿಡ್ತದಾ?” ಎಂದು ನನ್ನ ಕೈಗೆ ಕೊಟ್ಟರು.

ಪ್ರಕರಣ ಅಲ್ಲಿಗೇ ಮುಗಿಯಬಹುದಿತ್ತು. ಹೊಸ ಸಾಕೆಟ್ ಹಾಕಿ, ಕಡಲನ್ನು ದೂರಿ, ಸುಮ್ಮನಾಗುತ್ತಿದ್ದೆ. ಬೈಕಿನಲ್ಲಿ ಹಿಂದೆ ಕುಳಿತಿದ್ದ ಹುಡುಗ ಮನೆ ಬರುವ ಮೊದಲು ಕೇಳಿದ: “ಮಾವ, ಉಪ್ಪುಗಾಳಿ ಆದರೆ ಎಂಟೂ ಕಾಲಿಗೆ ಹಿಡಿಯಬೇಕಲ್ಲ? ಎರಡಕ್ಕೇ ಯಾಕೆ?”

ಉಳಿದ ಆರು ಕಾಂಟ್ಯಾಕ್ಟುಗಳು ಮಾಸಿದ್ದವು, ಆದರೆ ಹಸಿರಾಗಿರಲಿಲ್ಲ. ನನ್ನ ಮೊದಲ ಉತ್ತರ, ಆ ಎರಡರಲ್ಲಿಯೇ ಹೆಚ್ಚು ಕರೆಂಟು ಹರಿದು ಬಿಸಿಯಾಗುತ್ತದೆ ಎಂಬುದಾಗಿತ್ತು. ಬಿಸಿಯಿಂದ ಲೋಹ ಕಂದುತ್ತದೆ, ಸ್ಪ್ರಿಂಗು ಸಡಿಲವಾಗುತ್ತದೆ. ಆದರೆ ಹಸಿರು ಕಿಲುಬಿಗೆ ತೇವವೂ ಜೊತೆಗೊಂದು ಲವಣವೂ ಬೇಕು. ಸದಾ ಬಿಸಿಯಾಗಿರುವ ಜಾಗ ಉಳಿದವುಗಳಿಗಿಂತ ಒಣಗಿಯೇ ಇರಬೇಕು. ಮನೆಗೆ ಬಂದು ಟ್ರಾನ್ಸ್‌ಫಾರ್ಮರಿನ ಟ್ಯಾಗುಗಳನ್ನು ನೋಡಿದೆವು. 6.3 ವೋಲ್ಟಿನ ಎರಡು ಟ್ಯಾಗುಗಳ ಬುಡದಲ್ಲಿ ಅದೇ ಹಸಿರು. ಅಲ್ಲಿ ಸ್ಪ್ರಿಂಗೂ ಇಲ್ಲ, ಕಾಂಟ್ಯಾಕ್ಟೂ ಇಲ್ಲ, ಬೆಸುಗೆ ಗಟ್ಟಿಯಾಗಿರುವುದರಿಂದ ಬಿಸಿಯೂ ಇಲ್ಲ. ಒಂದು ಅಂಗುಲ ಆಚೆ, ಅದೇ ಗಾಳಿಯನ್ನು ಉಸಿರಾಡಿಕೊಂಡಿದ್ದ 150 ವೋಲ್ಟಿನ ಟ್ಯಾಗುಗಳು ಶುಭ್ರವಾಗಿದ್ದವು.

ಹಸಿರಾದ ಆ ನಾಲ್ಕೂ ಜಾಗಗಳನ್ನು ಸೇರಿಸುವ ಒಂದೇ ಸಂಗತಿ ನನಗೆ ಆಗ ನೆನಪಾಯಿತು, ಮತ್ತು ಅದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. 2023ರ ಅಕ್ಟೋಬರಿನಲ್ಲಿ ಸಣ್ಣ ಹಮ್ ಶಬ್ದವನ್ನು ತಗ್ಗಿಸಲು ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಕೂರಿಸಿದ್ದೆ. ಆಗ 6080ರ ಹೀಟರಿಗೆ ಹಳೆಯ ವಯರು ಗಿಡ್ಡವಾಗಿ, ಮನೆಯ ವಯರಿಂಗಿನಲ್ಲಿ ಉಳಿದಿದ್ದ ಒಂದೂವರೆ ಚದರ ಮಿಲಿಮೀಟರಿನ ದಪ್ಪ ವಯರನ್ನು ಹಾಕಿದೆ. ನನ್ನ 25 ವಾಟಿನ ಸೋಲ್ಡರಿಂಗ್ ಐರನ್ನಿಗೆ ಆ ದಪ್ಪ ತಾಮ್ರವನ್ನು ಕಾಯಿಸುವ ಶಕ್ತಿ ಇರಲಿಲ್ಲ. ಸೀಸ ಗುಂಡಾಗಿ ನಿಲ್ಲುತ್ತಿತ್ತು, ಹರಡುತ್ತಿರಲಿಲ್ಲ. ಕಪಾಟಿನಲ್ಲಿ ತಗಡಿನ ಕೆಲಸಕ್ಕೆಂದು ತಂದಿದ್ದ ಪೇಸ್ಟಿನ ಡಬ್ಬಿ ಇತ್ತು. ಬೆರಳ ತುದಿಯಷ್ಟು ಹಚ್ಚಿದೆ, ಸೀಸ ನೀರಿನಂತೆ ಹರಿಯಿತು. ಆ ಬೆಸುಗೆಗಳು ನೋಡಲು ಬಹಳ ಚೆಂದವಾಗಿದ್ದವು.

ತಗಡು ಬೆಸೆಯುವ ಇಂಥ ಪೇಸ್ಟುಗಳಲ್ಲಿ ಸತುವಿನ ಕ್ಲೋರೈಡ್ ಇರುತ್ತದೆ. ಅದು ಲೋಹದ ತುಕ್ಕನ್ನು ತಿಂದು ಬೆಸುಗೆಯನ್ನು ಸುಲಭ ಮಾಡುತ್ತದೆ, ಆದರೆ ಬೆಸುಗೆ ಮುಗಿದ ಮೇಲೂ ತಿನ್ನುವುದನ್ನು ನಿಲ್ಲಿಸುವುದಿಲ್ಲ. ಗಾಳಿಯ ತೇವವನ್ನು ತಾನೇ ಹೀರಿಕೊಂಡು ಒದ್ದೆಯಾಗುವ ಗುಣವೂ ಅದಕ್ಕಿದೆ. ಕೆಲಸ ಮಾಡುವಾಗ ಪೆಟ್ಟಿಗೆ ಮಗುಚಿರುತ್ತದೆ. ಲಗ್ಗುಗಳು ಮೇಲೆ, ಕಾಂಟ್ಯಾಕ್ಟುಗಳ ಬಾಯಿ ಕೆಳಗೆ. ಕರಗಿದ ಪೇಸ್ಟು ಲಗ್ಗಿನ ಮೇಲಿಂದ ಇಳಿದು ನೇರವಾಗಿ ಬಾಯಿಯನ್ನೇ ಸೇರಿದೆ. ಕಡಲ ಗಾಳಿಯ ತೇವ ಇಲ್ಲದಿದ್ದರೆ ರೋಗ ಇಷ್ಟು ಬೇಗ ಬಲಿಯುತ್ತಿರಲಿಲ್ಲ ಎಂಬುದು ನಿಜ, ಆದರೆ ಬೀಜ ಬಿತ್ತಿದ್ದು ನಾನು.

ಹುಡುಗನಿಗೆ ಇಷ್ಟೂ ಸಾಲಲಿಲ್ಲ. ಮುರಿದ ಪ್ಲಗ್ಗಿನ ಹಿತ್ತಾಳೆಯ ಪಟ್ಟಿಯೊಂದನ್ನು ಉಜ್ಜಿ ಹೊಳಪು ಮಾಡಿ, ಒಂದು ತುದಿಯಲ್ಲಿ ಪೇಸ್ಟಿನಿಂದಲೂ ಇನ್ನೊಂದು ತುದಿಯಲ್ಲಿ ರಾಳ ತುಂಬಿದ ಸಾಧಾರಣ ಸೋಲ್ಡರ್ ತಂತಿಯಿಂದಲೂ ಒಂದೊಂದು ಹನಿ ಬೆಸುಗೆ ಹಾಕಿ, ನಡುವನ್ನು ಖಾಲಿ ಬಿಟ್ಟು, ಅದೇ ಕೋಣೆಯ ಕಿಟಕಿಯಲ್ಲಿಟ್ಟ. ಒಂಬತ್ತನೆಯ ದಿನ ಪೇಸ್ಟಿನ ಹನಿಯ ಸುತ್ತ ಹಸಿರು ಉಂಗುರ ಮೂಡಿತ್ತು. ರಾಳದ ಹನಿಯ ಸುತ್ತಲೂ ಖಾಲಿ ನಡುವೆಯೂ ಹಿತ್ತಾಳೆ ಮಾಸಿತ್ತು, ಅಷ್ಟೇ.

ದುರಸ್ತಿ

ಹೊಸ ಪಿಂಗಾಣಿ ಸಾಕೆಟ್ ಹಾಕಿದೆವು. ದಪ್ಪ ವಯರನ್ನು ಮರಳಿ ಬಳಸುವ ಯೋಚನೆಯಿತ್ತು. ತುದಿಯ ಪಿವಿಸಿ ಸುಲಿದಾಗ ಎರಡು ಅಂಗುಲ ಒಳಗಿನವರೆಗೂ ಎಳೆಗಳು ಹಸಿರಾಗಿದ್ದವು, ಆದ್ದರಿಂದ ಪೂರ್ತಿ ಎಸೆದೆವು. ಟ್ರಾನ್ಸ್‌ಫಾರ್ಮರಿನ ಟ್ಯಾಗುಗಳ ಹಳೆಯ ಸೀಸವನ್ನು ಹೀರಿ ತೆಗೆದು, ಕೆರೆದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಹಲವು ಸಲ ಒರೆಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೇವ ತೆಗೆದೆವು. ರಾಳದ ಕಲೆಗೆ ಆಲ್ಕೋಹಾಲ್ ಒಂದೇ ಸಾಕು, ಕ್ಲೋರೈಡಿಗೆ ನೀರೇ ಬೇಕು. ಬೆಸುಗೆಗೆ ಈ ಸಲ 60 ವಾಟಿನ ಐರನ್ನನ್ನು ದೋಣಿಯವರಿಂದಲೇ ಎರವಲು ತಂದೆ. ಐರನ್ನಿಗೆ ಶಕ್ತಿ ಇದ್ದರೆ ಪೇಸ್ಟಿನ ಅಗತ್ಯವೇ ಬೀಳುವುದಿಲ್ಲ. ಪೇಸ್ಟಿನ ಕಥೆ ಕೇಳಿ ಅವರು ನಕ್ಕರು. ಉಪ್ಪಿನ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲ ಕೆಪಾಸಿಟರಿಗೆ ಅಡ್ಡಲಾಗಿ 100 ಕಿಲೋ ಓಮ್, 2 ವಾಟಿನ ಬ್ಲೀಡರ್ ಹಾಕಿದೆ. ಈಗ ವಾಲ್ವು ತಣ್ಣಗಿದ್ದರೂ ಮೂರೂವರೆ ನಿಮಿಷದೊಳಗೆ ವೋಲ್ಟೇಜ್ ಹತ್ತಕ್ಕಿಂತ ಕೆಳಗೆ ಇಳಿಯುತ್ತದೆ. ಎಲ್ಲ ಜೋಡಿಸಿದ ಮೇಲೆ ರೇಡಿಯೊ ರಿಪೇರಿಯವರ ಹಳೆಯ ಕ್ರಮದಂತೆ 100 ವಾಟಿನ ಬಲ್ಬನ್ನು ಸೀರೀಸಿನಲ್ಲಿಟ್ಟು ಸ್ವಿಚ್ ಹಾಕಿದೆವು. ತಣ್ಣನೆಯ ಹೀಟರುಗಳು ಎಳೆದುಕೊಂಡ ಭರಕ್ಕೆ ಬಲ್ಬು ಜೋರಾಗಿ ಬೆಳಗಿ, ಬಳಿಕ ನಿಧಾನವಾಗಿ ಮಂಕಾಯಿತು. ಬಲ್ಬು ತೆಗೆದು ನೇರ ಕರೆಂಟು ಕೊಟ್ಟ ಮೇಲೆ, ಹೆಡ್‌ಫೋನ್ ಸಿಕ್ಕಿಸುವ ಮೊದಲು, ಔಟ್‌ಪುಟ್ಟಿನಲ್ಲಿ ಡಿಸಿ ಉಳಿದಿಲ್ಲ ಎಂಬುದನ್ನು ನೋಡಿಕೊಂಡೆವು.

ಸಾಕೆಟ್ಟಿನಲ್ಲಿ ಈಗ ಕೂತಿರುವುದು 2017ರ ಹಳೆಯ 6080. ಕಾಲುಗಳನ್ನು ರಬ್ಬರಿನಿಂದ ಉಜ್ಜಿ ಹಾಕಿದ್ದು ಬಿಟ್ಟರೆ ಅದಕ್ಕೆ ಯಾವ ಚಿಕಿತ್ಸೆಯೂ ಬೇಕಾಗಲಿಲ್ಲ. ರಷ್ಯದ್ದು ರಟ್ಟಿನ ಪೆಟ್ಟಿಗೆ ಸೇರಿದೆ. ತಳದ ತಗಡಿನ ಕಾಗದದಲ್ಲಿ 2017ರ ಅಂಕಿಗಳ ಪಕ್ಕ ಹೊಸ ಸಾಲು ಬರೆದಿದ್ದೇನೆ: ಕೊನೆಯ ಕೆಪಾಸಿಟರ್ 167, ಕ್ಯಾಥೋಡುಗಳು 100 ಮತ್ತು 104, ಹೀಟರ್ 6.4. ಅದರ ಕೆಳಗೆ, 2017ರಲ್ಲಿ ಅಳೆಯಬೇಕೆಂದು ಹೊಳೆಯದಿದ್ದ ಎರಡು ಅಂಕಿಗಳು: 7ನೆಯ ಕಾಂಟ್ಯಾಕ್ಟಿನಲ್ಲಿ 11 ಮಿಲಿವೋಲ್ಟ್, 8ನೆಯದರಲ್ಲಿ 9. ಅಕ್ಟೋಬರಿನಲ್ಲಿ, ಮಳೆ ಹಿಂದೆ ಸರಿದ ಮೇಲೆ ಮತ್ತೆ ಅಳೆದಾಗ ಅವು 11 ಮತ್ತು 10 ಇದ್ದವು.